ಬೆಟ್ಟದ ಬಿಲ್ ಯಾರು ಕಟ್ಟಬೇಕು? ಘಾಟಿ ಹತ್ತಿದ ಕೀಲು ಎಂಜಿನ್‌ಗಳ ಕಥೆ

(ಪಾಡ್‌ಕಾಸ್ಟ್ ಸಂಚಿಕೆಯ ಬರಹ ರೂಪ. ಓದುವವರಿಗೆ ಅನುಕೂಲವಾಗಲೆಂದು ಅಲ್ಲಲ್ಲಿ ತಿದ್ದಲಾಗಿದೆ.)



ಹಾಸನದಿಂದ ಮಂಗಳೂರಿಗೆ ರೈಲಲ್ಲಿ ಹೋದವರಿಗೆ ಒಂದು ವಿಷಯ ಗೊತ್ತಿರುತ್ತೆ. ಸಕಲೇಶಪುರದವರೆಗೆ ಸರಾಗವಾಗಿ ಬಂದ ಗಾಡಿ, ಅಲ್ಲಿಂದ ಮುಂದೆ ಗಂಟೆಗೆ 30 ಕಿಲೋಮೀಟರ್ ಆಸುಪಾಸಿನಲ್ಲೇ ತೆವಳುತ್ತೆ. ದೋಣಿಗಲ್, ಕಡಗರವಳ್ಳಿ, ಎಡಕುಮೇರಿ, ಶಿರಿಬಾಗಿಲು, ಆಮೇಲೆ ಸುಬ್ರಹ್ಮಣ್ಯ ರೋಡ್. ಸುಮಾರು 55 ಕಿಲೋಮೀಟರ್ ದಾರಿ. ಅಷ್ಟರಲ್ಲಿ 57 ಸುರಂಗ, ನೂರಕ್ಕೂ ಹೆಚ್ಚು ಸೇತುವೆ. ಕೆಳಗಿಂದ ಗೂಡ್ಸ್ ಗಾಡಿ ಹತ್ತಿ ಬರ್ತಾ ಇದ್ರೆ ಮುಂದೆ ಎಂಜಿನ್ ಎಳೀತಿರುತ್ತೆ, ಹಿಂದೆಯೂ ಎಂಜಿನ್ ತಳ್ತಿರುತ್ತೆ.

ಈ ಮಾರ್ಗ ಪೂರ್ತಿಯಾಗಿ ತೆರೆದದ್ದು 1979ರಲ್ಲಿ. ಆದರೆ ಮಂಗಳೂರಿಗೆ ಮಲಬಾರಿನ ಕಡೆಯಿಂದ ರೈಲು 1907ರಲ್ಲೇ ಬಂದಿತ್ತು. ಈ ಕಡೆ ಮೈಸೂರಿಂದ ಹೊಳೆನರಸೀಪುರ, ಹಾಸನದ ಮೇಲೆ ಅರಸೀಕೆರೆಗೆ ಹೋಗುವ ಮೀಟರ್ ಗೇಜ್ ದಾರಿಯೂ 1910ರ ದಶಕದ ಕೊನೆಗೆ ಬಂದಿತ್ತು. ಅಂದ್ರೆ ಘಾಟಿಯ ಮೇಲೆ ಒಂದು ರೈಲು, ಘಾಟಿಯ ಕೆಳಗೆ ಇನ್ನೊಂದು ರೈಲು. ನಡುವಿನ ಬೆಟ್ಟ ಮಾತ್ರ ಅರವತ್ತು ವರ್ಷ ಹಾಗೇ ನಿಂತಿತ್ತು.

ಆ ಕಾಲಕ್ಕೆ ಬೆಟ್ಟ ಹತ್ತುವ ಎಂಜಿನ್ ಇರಲಿಲ್ವಾ? ಇತ್ತು. ಒಂದಲ್ಲ, ಮೂರ್ನಾಲ್ಕು ಬಗೆಯದು. ಅವುಗಳಿಗೆ ಆರ್ಟಿಕ್ಯುಲೇಟೆಡ್ ಎಂಜಿನ್ ಅಂತ ಹೆಸರು. ನಾವು ಇವತ್ತಿನ ಮಟ್ಟಿಗೆ ಕೀಲು ಎಂಜಿನ್ ಅನ್ನೋಣ. ಅವು ನಮ್ಮ ಘಾಟಿಗೆ ಯಾಕೆ ಬರಲಿಲ್ಲ, ಬಂದಿದ್ರೆ ಏನಾಗ್ತಿತ್ತು, ಅವುಗಳ ಒಳಗಿದ್ದ ಯೋಚನೆ ಕೊನೆಗೆ ಎಲ್ಲಿಗೆ ಹೋಯ್ತು? ಇದೇ ಇವತ್ತಿನ ವಿಷಯ. ನಾನು ಓದಿದ್ದು ಬಿ.ಕಾಂ., ಎಂಜಿನಿಯರಿಂಗ್ ಅಲ್ಲ. ಹಾಗಾಗಿ ಈ ಕಥೆ ನನಗೆ ಕಬ್ಬಿಣದ ಕಥೆಗಿಂತ ಹೆಚ್ಚಾಗಿ ಖರ್ಚಿನ ಕಥೆಯಾಗಿ ಕಾಣುತ್ತೆ.

ಜಾರುವ ಚಕ್ರದ ಲೆಕ್ಕ

ಮೊದಲು ಸ್ವಲ್ಪ ಲೆಕ್ಕ. ಹೆದರಬೇಡಿ, ಕೂಡಿಸೋದು ಭಾಗಿಸೋದು ಅಷ್ಟೇ.

ಸಮತಟ್ಟಾದ ಹಳಿ ಮೇಲೆ ಒಂದು ಟನ್ ಭಾರವನ್ನು ನಿಧಾನವಾಗಿ ಎಳೆಯೋಕೆ ಸುಮಾರು 5 ಕೆ.ಜಿ. ಎಳೆತ ಸಾಕು. ರೈಲಿನ ಜಾಣತನವೇ ಅದು. ಆದರೆ ದಾರಿ ಏರಿದ ಕೂಡಲೇ ಆ ಜಾಣತನ ಕೈಕೊಡುತ್ತೆ. ಸಕಲೇಶಪುರ ಘಾಟಿಯ ಏರು 1:50. ಅಂದ್ರೆ 50 ಮೀಟರ್ ಮುಂದೆ ಹೋದರೆ 1 ಮೀಟರ್ ಮೇಲೆ. ಕಣ್ಣಿಗೆ ಏನೂ ಅನ್ನಿಸಲ್ಲ, ಬೈಕ್‌ನಲ್ಲಿ ಗೇರ್ ಕೂಡ ಇಳಿಸಬೇಕಾಗಿಲ್ಲ. ಆದರೆ ಪ್ರತಿ ಟನ್ನಿಗೆ ಇನ್ನೂ 20 ಕೆ.ಜಿ. ಎಳೆತ ಬೇಕು. ಐದು ಇದ್ದದ್ದು ಇಪ್ಪತ್ತೈದಾಯ್ತು. ಬಯಲಲ್ಲಿ ಎಳೆದ ಅದೇ ಗಾಡಿಗೆ ಐದು ಪಟ್ಟು ಶಕ್ತಿ.

ಹಾಗಾದ್ರೆ ದೊಡ್ಡ ಎಂಜಿನ್ ಹಾಕಿದ್ರಾಯ್ತಲ್ಲ ಅಂತೀರಾ? ಬರೀ ಶಕ್ತಿ ಇದ್ರೆ ಸಾಲದು, ಚಕ್ರ ಹಳಿಯನ್ನು ಹಿಡಿಯಬೇಕು. ಕೆಸರುಗದ್ದೆಯಲ್ಲಿ ಟ್ರ್ಯಾಕ್ಟರ್ ಚಕ್ರ ನಿಂತಲ್ಲೇ ಸುತ್ತೋದನ್ನ ನೀವೆಲ್ಲ ನೋಡಿರ್ತೀರಿ. ಹಿಡಿತ ಸಿಗಲಿ ಅಂತ ಹಿಂದಿನ ಟೈರಿಗೆ ನೀರು ತುಂಬಿಸ್ತಾರೆ. ಭಾರ ಹೆಚ್ಚಾದ್ರೆ ಹಿಡಿತ ಹೆಚ್ಚು. ಉಗಿ ಎಂಜಿನ್ನಿಗೂ ಅದೇ ನಿಯಮ. ಎಳೆಯುವ ಚಕ್ರಗಳ ಮೇಲೆ ಎಷ್ಟು ಭಾರ ಇದೆಯೋ, ಸುಮಾರು ಅದರ ನಾಲ್ಕನೇ ಒಂದು ಭಾಗದಷ್ಟು ಎಳೀಬಹುದು. ಅದಕ್ಕಿಂತ ಜಾಸ್ತಿ ಎಳೆಯೋಕೆ ಹೋದರೆ ಚಕ್ರ ಜಾರುತ್ತೆ.

ಹಾಗಂತ ಭಾರವನ್ನ ಇಷ್ಟಬಂದಷ್ಟು ಹಾಕೋಕಾಗಲ್ಲ. ಹಳಿ ತಡೆಯಬೇಕಲ್ಲ. ಹಗುರ ಹಳಿಯ ಮೀಟರ್ ಗೇಜ್‌ನಲ್ಲಿ ಒಂದು ಅಚ್ಚಿಗೆ ಹತ್ತು ಟನ್ ಅಂತ ಇಟ್ಕೊಳ್ಳಿ. ಎಳೆಯುವ ಅಚ್ಚು ನಾಲ್ಕು ಇದ್ರೆ 40 ಟನ್, ಎಳೆತ 10 ಟನ್. 1:50 ಏರಿನಲ್ಲಿ ಟನ್ನಿಗೆ 25 ಕೆ.ಜಿ. ಲೆಕ್ಕದಲ್ಲಿ, ಎಂಜಿನ್ ತನ್ನ ಭಾರವನ್ನೂ ಸೇರಿಸಿ 400 ಟನ್ ಎಳೀಬಹುದು. ಅಷ್ಟೇ ಅದರ ಮಿತಿ.

ಎಂಟು ಅಚ್ಚು ಹಾಕೋಣ ಅಂದ್ರೆ ಇನ್ನೊಂದು ತೊಂದರೆ. ಬೆಟ್ಟದ ದಾರಿ ಅಂದ್ರೆ ತಿರುವು. ಎಂಟು ಅಚ್ಚುಗಳನ್ನ ಒಂದೇ ಗಟ್ಟಿ ಚೌಕಟ್ಟಿಗೆ ಬಿಗಿದರೆ ಅದು ತಿರುವಿನಲ್ಲಿ ಬಗ್ಗಲ್ಲ, ಹಳಿಯಿಂದ ಹಾರುತ್ತೆ. ಕಬ್ಬಿನ ಕಾಲದಲ್ಲಿ ಚನ್ನರಾಯಪಟ್ಟಣದ ಕಡೆ ಎರಡು ಟ್ರೇಲರ್ ಕಟ್ಟಿಕೊಂಡ ಟ್ರ್ಯಾಕ್ಟರ್ ಸಣ್ಣ ತಿರುವಿನಲ್ಲೂ ಹೊರಳಿಕೊಂಡು ಹೋಗುತ್ತೆ, ಯಾಕಂದ್ರೆ ನಡುನಡುವೆ ಕೊಂಡಿ ಇದೆ. ಅಷ್ಟೇ ಉದ್ದದ ಒಂದೇ ಲಾರಿ ಆಗಿದ್ರೆ ತಿರುವಿನಲ್ಲೇ ಸಿಕ್ಕಿಹಾಕಿಕೊಳ್ತಿತ್ತು.

ಎಂಜಿನ್ ಭಾರ ಇರಬೇಕು, ಆದರೆ ಹಳಿಗೆ ಭಾರ ಆಗಬಾರದು. ಉದ್ದ ಇರಬೇಕು, ಆದರೆ ತಿರುಗಬೇಕು. ಈ ಗಂಟನ್ನ ಬಿಡಿಸೋಕೆ ಹೊರಟವರ ಕಥೆ ಈಗ.

ಓಡಿಹೋಗಿ ಮದುವೆಯಾದ ಎಂಜಿನಿಯರ್

ಮೊದಲನೆಯವನು ರಾಬರ್ಟ್ ಫೇರ್ಲಿ. ಸ್ಕಾಟ್ಲೆಂಡಿನವನು, 1831ರಲ್ಲಿ ಹುಟ್ಟಿದವನು. ಐರ್ಲೆಂಡಿನ ರೈಲ್ವೆಯಲ್ಲಿ ಕೆಲಸ ಮಾಡಿ, ಆಮೇಲೆ ನಮ್ಮ ದೇಶದ ಬಾಂಬೆ–ಬರೋಡಾ ರೈಲ್ವೆಯಲ್ಲೂ ಕೆಲಸ ಮಾಡಿದವನು. ಲಂಡನ್ನಿಗೆ ವಾಪಸ್ ಹೋದ ಮೇಲೆ ಜಾರ್ಜ್ ಇಂಗ್ಲೆಂಡ್ ಎಂಬ ಎಂಜಿನ್ ಕಾರ್ಖಾನೆ ಮಾಲೀಕನ ಮಗಳ ಜೊತೆ ಓಡಿಹೋಗಿ ಮದುವೆಯಾದ. ಅಪ್ಪ ಸುಮ್ಮನಿರಲಿಲ್ಲ, ಅಳಿಯನ ಮೇಲೆ ಸುಳ್ಳು ಪ್ರಮಾಣ ಮಾಡಿದ ಅಂತ ಕೇಸ್ ಹಾಕಿದ. ಕೇಸ್ ಬಿದ್ದುಹೋಯ್ತು. ಮುಂದೆ ಅದೇ ಮಾವನ ಕಾರ್ಖಾನೆಯಲ್ಲೇ ಫೇರ್ಲಿಯ ಹೆಸರು ಮಾಡಿದ ಎಂಜಿನ್ ತಯಾರಾಯ್ತು. ಅದರ ಹೆಸರು ಲಿಟಲ್ ವಂಡರ್, ವರ್ಷ 1869.

ಫೇರ್ಲಿ 1864ರಲ್ಲಿ ಪೇಟೆಂಟ್ ಮಾಡಿದ ಉಪಾಯ ಸರಳ. ಎರಡು ಎಂಜಿನ್‌ಗಳನ್ನ ಬೆನ್ನಿಗೆ ಬೆನ್ನು ಕೊಟ್ಟು ಅಂಟಿಸಿದ ಹಾಗೆ ಒಂದು ಉದ್ದ ಬಾಯ್ಲರ್. ನಡುವೆ ಒಲೆ, ಎರಡು ತುದಿಗೂ ಚಿಮಣಿ. ಕೆಳಗೆ ಎರಡು ಬೋಗಿ, ಅಂದ್ರೆ ತನ್ನಷ್ಟಕ್ಕೆ ತಿರುಗುವ ಚಕ್ರಗಳ ಎರಡು ಗುಂಪು. ಎಲ್ಲ ಚಕ್ರವೂ ಎಳೆಯುತ್ತೆ, ಎಂಜಿನ್ನಿನ ಪೂರ್ತಿ ಭಾರವೂ ಹಿಡಿತಕ್ಕೆ ಬರುತ್ತೆ. ವೇಲ್ಸ್‌ನ ಫೆಸ್ಟಿನಿಯೋಗ್ ಅನ್ನೋ ಸ್ಲೇಟ್ ಕಲ್ಲು ಸಾಗಿಸುವ ರೈಲಿನಲ್ಲಿ, ಎರಡು ಅಡಿಗಿಂತಲೂ ಕಿರಿದಾದ ಹಳಿ ಮೇಲೆ, 1870ರಲ್ಲಿ ಇದರ ಪರೀಕ್ಷೆ ನಡೀತು. ನೋಡೋಕೆ ರಷ್ಯಾದಿಂದಲೂ ನಿಯೋಗ ಬಂದಿತ್ತು.

ಫೇರ್ಲಿ ಮಾರ್ತಾ ಇದ್ದದ್ದು ಬರೀ ಎಂಜಿನ್ ಅಲ್ಲ, ಒಂದು ಉಳಿತಾಯದ ಯೋಜನೆ. ಕಿರಿದಾದ ಹಳಿ ಹಾಕಿ, ಸಣ್ಣ ತಿರುವು ಇಡಿ, ಬೆಟ್ಟ ಕೊರೆಯಬೇಡಿ, ಬಳಸಿಕೊಂಡು ಹೋಗಿ, ಮಿಕ್ಕಿದ್ದನ್ನ ನನ್ನ ಎಂಜಿನ್ ನೋಡಿಕೊಳ್ಳುತ್ತೆ. ಕಾಮರ್ಸ್ ಭಾಷೆಯಲ್ಲಿ ಹೇಳೋದಾದ್ರೆ, ಬೆಟ್ಟದ ಬಿಲ್ಲನ್ನ ಬಂಡವಾಳದ ಖಾತೆಯಿಂದ ತೆಗೆದು ಎಂಜಿನ್ ಖಾತೆಗೆ ಹಾಕಿ ಅಂತ. ಅದೇ ಹೊತ್ತಲ್ಲಿ, 1870–71ರಲ್ಲಿ, ವೈಸ್‌ರಾಯ್ ಲಾರ್ಡ್ ಮೇಯೋ ಕಾಲದಲ್ಲಿ ಭಾರತಕ್ಕೂ ಅಗ್ಗದ ರೈಲು ಬೇಕು ಅಂತ ಮೀಟರ್ ಗೇಜ್ ನಿರ್ಧಾರ ಆಯ್ತು. ಮುಂದೆ ಹೊಳೆನರಸೀಪುರಕ್ಕೂ ಹಾಸನಕ್ಕೂ ಬಂದ ಮೀಟರ್ ಗೇಜ್‌ನ ಬೇರು ಆ ಕಾಲದ ಕೈಬಿಗಿಯಲ್ಲಿದೆ.

ಆದರೆ ಫೇರ್ಲಿ ಎಂಜಿನ್ನಿಗೆ ಒಂದು ಕಾಯಿಲೆ ಇತ್ತು. ಬಾಯ್ಲರ್‌ನಿಂದ ಸಿಲಿಂಡರಿಗೆ ಹೋಗುವ ಉಗಿ ಕೊಳವೆ ಬೋಗಿಯ ಜೊತೆ ಹೊರಳಬೇಕು. ಆ ಹೊರಳುವ ಕೀಲಿನಲ್ಲಿ ಉಗಿ ಸೋರ್ತಿತ್ತು. ಕಲ್ಲಿದ್ದಲು, ನೀರು ಇಡೋಕೂ ಜಾಗ ಕಮ್ಮಿ.

ಮ್ಯಾಲೆ, ಗ್ಯಾರಟ್

ಸೋರುವ ಕೀಲಿಗೆ ಜಾಣ ಪರಿಹಾರ ಕೊಟ್ಟವನು ಅನಾಟೋಲ್ ಮ್ಯಾಲೆ, ಜಿನೀವಾದಲ್ಲಿ ಹುಟ್ಟಿದವನು. ಅವನ ಪೇಟೆಂಟ್ 1884ರದ್ದು. ಹಿಂದಿನ ಚಕ್ರದ ಗುಂಪನ್ನ ಗಟ್ಟಿಯಾಗಿ ಬಿಗಿದ, ಮುಂದಿನದನ್ನ ಮಾತ್ರ ತಿರುಗೋಕೆ ಬಿಟ್ಟ. ಹೆಚ್ಚು ಒತ್ತಡದ ಹೊಸ ಉಗಿ ಹಿಂದಿನ ಸಿಲಿಂಡರಿಗೆ. ಅಲ್ಲಿ ಕೆಲಸ ಮುಗಿಸಿ ಒತ್ತಡ ಇಳಿದ ಉಗಿ ಮುಂದಿನ ಸಿಲಿಂಡರಿಗೆ. ಅಂದ್ರೆ ಹೊರಳುವ ಕೊಳವೆಯಲ್ಲಿ ಓಡೋದು ಕಡಿಮೆ ಒತ್ತಡದ ಉಗಿ, ಸೋರಿಕೆಯೂ ಕಡಿಮೆ. ಒಂದೇ ಉಗಿಯಲ್ಲಿ ಎರಡು ಸಲ ಕೆಲಸ, ಉಳಿತಾಯ ಬೇರೆ. ಈ ವಂಶದಲ್ಲೇ ಮುಂದೆ ಅಮೆರಿಕದ ಬಿಗ್ ಬಾಯ್ ಹುಟ್ಟಿದ್ದು, 1941ರಲ್ಲಿ. ಅದು ಮಾತ್ರ ಉಗಿಯನ್ನ ಎರಡು ಸಲ ಬಳಸುವ ಪದ್ಧತಿ ಬಿಟ್ಟಿತ್ತು.

ಮೂರನೆಯವನು ಇಂಗ್ಲೆಂಡಿನ ಹರ್ಬರ್ಟ್ ಗ್ಯಾರಟ್, ಪೇಟೆಂಟ್ 1907. ಇವನು ಎಂಜಿನ್ನನ್ನ ಮೂರು ತುಂಡು ಮಾಡಿದ. ಮುಂದೊಂದು ಚಕ್ರದ ಗಾಡಿ, ಅದರ ಮೇಲೆ ನೀರಿನ ಟ್ಯಾಂಕ್. ಹಿಂದೊಂದು ಚಕ್ರದ ಗಾಡಿ, ಅದರ ಮೇಲೆ ಕಲ್ಲಿದ್ದಲು, ನೀರು. ಇವೆರಡರ ನಡುವೆ ಸೇತುವೆಯ ಹಾಗೆ ತೂಗುಹಾಕಿದ ಬಾಯ್ಲರ್. ಬಾಯ್ಲರ್ ಕೆಳಗೆ ಚಕ್ರವೇ ಇಲ್ಲ, ಆದ್ದರಿಂದ ಅದನ್ನ ಎಷ್ಟು ದಪ್ಪ ಬೇಕಾದ್ರೂ ಮಾಡಬಹುದು, ಒಲೆಯನ್ನ ಎಷ್ಟು ಆಳ ಬೇಕಾದ್ರೂ ಇಡಬಹುದು. ತಿರುವಿನಲ್ಲಿ ಎರಡು ತುದಿ ಹಳಿಯ ಮೇಲೆ ಬಾಗಿ ನಿಂತರೆ ಬಾಯ್ಲರ್ ಬಿಲ್ಲಿನ ಹೆದೆಯ ಹಾಗೆ ಒಳಮಗ್ಗುಲಿಗೆ ಬರುತ್ತೆ. ಹಾಗಾಗಿ ಹೊರಕ್ಕೆ ಮಗುಚುವ ಭಯ ಕಮ್ಮಿ. ಮ್ಯಾಂಚೆಸ್ಟರಿನ ಬೇಯರ್ ಪೀಕಾಕ್ ಕಂಪನಿ 1909ರಲ್ಲಿ ಮೊದಲ ಗ್ಯಾರಟ್ ಮಾಡಿ ಟ್ಯಾಸ್ಮೇನಿಯಾಕ್ಕೆ ಕಳಿಸಿತು. ಗ್ಯಾರಟ್ 1913ರಲ್ಲೇ ತೀರಿಕೊಂಡ, ತನ್ನ ಎಂಜಿನ್ ಎಷ್ಟು ದೂರ ಹೋಯ್ತು ಅಂತ ನೋಡೋಕೆ ಅವನಿಗೆ ಆಗಲೇ ಇಲ್ಲ.

ಬೋಲನ್‌ನಿಂದ ಲಾಶಿಯೋವರೆಗೆ

ಇವು ನಮ್ಮ ಕಡೆ ಬಂದವಾ? ಬ್ರಿಟಿಷ್ ಇಂಡಿಯಾಕ್ಕೆ ಬಂದವು. ಆಫ್ಘನ್ ಯುದ್ಧದ ಕಾಲದಲ್ಲಿ ಬೋಲನ್ ಕಣಿವೆಗೆಂದು ಏವನ್‌ಸೈಡ್ ಕಂಪನಿಯಿಂದ ಮೀಟರ್ ಗೇಜ್ ಫೇರ್ಲಿಗಳನ್ನ ತರಿಸಿದ್ರು. ಅವುಗಳಲ್ಲಿ ಕೆಲವು ಮುಂದೆ ಬರ್ಮಾಕ್ಕೆ ಹೋದವು. ಬರ್ಮಾದ ಲಾಶಿಯೋ ದಾರಿ, ಪ್ರಸಿದ್ಧ ಗೋಟೆಕ್ ಸೇತುವೆ ಇರುವ ದಾರಿ, 1:25 ಏರಿನದ್ದು. ಸಕಲೇಶಪುರಕ್ಕಿಂತ ಎರಡು ಪಟ್ಟು ಕಡಿದು. ಹಳಿ ಮಾತ್ರ ಹಾಸನದಲ್ಲಿದ್ದ ಅದೇ ಮೀಟರ್ ಗೇಜ್. ಅಲ್ಲಿ ಫೇರ್ಲಿ, ಮ್ಯಾಲೆ, ಗ್ಯಾರಟ್ ಮೂರೂ ಒಂದಾದ ಮೇಲೊಂದು ದುಡಿದವು.

ಡಾರ್ಜಿಲಿಂಗ್ ರೈಲು 1911ರಲ್ಲಿ ಒಂದು ಪುಟ್ಟ ಗ್ಯಾರಟ್ ತರಿಸಿತು. ಅದು ಒಂದೇ ಉಳೀತು. ಅಲ್ಲಿನ ಸಣ್ಣ ಬಿ ಕ್ಲಾಸ್ ಎಂಜಿನ್‌ಗಳೇ ಗೆದ್ದವು. ಮುಂಬೈ ಹತ್ತಿರದ ಮಾಥೇರಾನ್‌ನಲ್ಲಿ 1907ರಲ್ಲಿ ಶುರುವಾದ ಬೆಟ್ಟದ ರೈಲಿಗೆ ಜರ್ಮನಿಯ ಎಂಜಿನ್ ಬಂತು. ಅದರಲ್ಲಿ ತುದಿಯ ಅಚ್ಚುಗಳು ಟೊಳ್ಳು, ಒಳಗೊಂದು ಕೀಲು, ತಿರುವಿನಲ್ಲಿ ಅಚ್ಚೇ ಪಕ್ಕಕ್ಕೆ ಸರಿಯುತ್ತೆ. ಬಯಲು ಸೀಮೆಯಲ್ಲೂ ಬೆಂಗಾಲ್ ನಾಗ್ಪುರ ರೈಲ್ವೆ ಕಲ್ಲಿದ್ದಲು ಎಳೆಯೋಕೆ 234 ಟನ್ನಿನ ಗ್ಯಾರಟ್‌ಗಳನ್ನ ಇಟ್ಟುಕೊಂಡಿತ್ತು. ಅವುಗಳಲ್ಲಿ ಒಂದು ಇವತ್ತು ದೆಹಲಿಯ ರೈಲ್ ಮ್ಯೂಸಿಯಂನಲ್ಲಿದೆ.

ಇಲ್ಲೊಂದು ಮಾತು. ಊಟಿ ರೈಲಿನ ಎಂಜಿನ್ ಈ ಸಾಲಿಗೆ ಸೇರಲ್ಲ. ನೀಲಗಿರಿಯಲ್ಲಿ ಏರು 1:12, ಅಷ್ಟರಲ್ಲಿ ಚಕ್ರದ ಹಿಡಿತವನ್ನೇ ನಂಬಿದ್ರೆ ಆಗಲ್ಲ. ಅಲ್ಲಿ ಹಳಿಗಳ ನಡುವೆ ಹಲ್ಲಿನ ಪಟ್ಟಿ ಇದೆ, ಎಂಜಿನ್ನಿನ ಹಲ್ಲುಚಕ್ರ ಅದನ್ನ ಹಿಡಿದು ಹತ್ತುತ್ತೆ.

ಕರ್ನಾಟಕದ ಘಾಟಿಗೆ ಯಾಕೆ ಬರಲಿಲ್ಲ?

ಉಗಿ ಎಂಜಿನ್ ಏರಿದ ದೊಡ್ಡ ಘಾಟಿ ನಮ್ಮಲ್ಲೂ ಒಂದಿದೆ. ಉತ್ತರ ಕನ್ನಡದ ಕ್ಯಾಸಲ್‌ರಾಕ್‌ನಿಂದ ಗೋವಾದ ಕುಳೆಂಗೆ ಇಳಿಯುವ ಬ್ರಗಾಂಜಾ ಘಾಟಿ, ದೂಧ್‌ಸಾಗರ ಜಲಪಾತದ ದಾರಿ. 1880ರ ದಶಕದ್ದು, ಏರು 1:37. ಅಲ್ಲಿ ನಡೆದದ್ದು ಹಳೇ ಉಪಾಯ. ಮುಂದೊಂದು ಎಂಜಿನ್, ಹಿಂದೊಂದೆರಡು ಎಂಜಿನ್, ಎಳಿ ತಳ್ಳು.

ಇದು ಕೆಟ್ಟ ಉಪಾಯ ಏನಲ್ಲ. ಬಯಲಲ್ಲಿ ಓಡುವ ಸಾಮಾನ್ಯ ಎಂಜಿನ್ನನ್ನೇ ಘಾಟಿಗೂ ಬಳಸಬಹುದು. ಬಿಡಿಭಾಗ ಒಂದೇ, ಶೆಡ್ ಒಂದೇ, ಮೆಕ್ಯಾನಿಕ್ಕಿಗೆ ಗೊತ್ತಿರುವ ಕೆಲಸ. ಕೀಲು ಎಂಜಿನ್ ತಂದ್ರೆ ಅದು ಘಾಟಿಗೆ ಮಾತ್ರ ಸೀಮಿತ. ಒಂದು ಎಂಜಿನ್ ಕೆಟ್ಟರೆ ಎರಡು ಎಂಜಿನ್ ಕೆಟ್ಟ ಹಾಗೆ. ಆದರೆ ತಳ್ಳುವ ಉಪಾಯಕ್ಕೂ ಬೆಲೆ ಇದೆ, ಅದು ಸಂಬಳದ ಪಟ್ಟಿಯಲ್ಲಿ ಅಡಗಿದೆ. ಪ್ರತಿ ಉಗಿ ಎಂಜಿನ್ನಿಗೂ ಒಬ್ಬ ಡ್ರೈವರ್, ಜೊತೆಗೆ ಫೈರ್‌ಮನ್‌ಗಳು. ಮೂರು ಎಂಜಿನ್ ಅಂದ್ರೆ ಮೂರು ತಂಡ, ಸುರಂಗದ ಹೊಗೆಯಲ್ಲಿ ಮುಖಕ್ಕೆ ಒದ್ದೆ ಬಟ್ಟೆ ಕಟ್ಟಿಕೊಂಡು ಕಲ್ಲಿದ್ದಲು ಎತ್ತಿ ಹಾಕುವ ಕೆಲಸ. ಕೂಲಿ ಅಗ್ಗವಾಗಿದ್ದ ದೇಶದಲ್ಲಿ ಬೆಟ್ಟದ ಬಿಲ್ ಬಿದ್ದದ್ದು ಇವರ ಬೆನ್ನ ಮೇಲೆ. ಗ್ಯಾರಟ್ ಉಳಿಸೋದು ಇಂಥ ಇನ್ನೊಂದು ತಂಡದ ಸಂಬಳವನ್ನ. ಸಂಬಳವೇ ಚಿಕ್ಕದಾಗಿದ್ರೆ ಉಳಿತಾಯ ಎಲ್ಲಿಂದ ಬರಬೇಕು?

ಇದಕ್ಕೆ ತದ್ವಿರುದ್ಧ ಪೂರ್ವ ಆಫ್ರಿಕಾ. ಮೊಂಬಾಸಾ–ನೈರೋಬಿ ದಾರಿಯೂ ಮೀಟರ್ ಗೇಜ್. ಅದನ್ನ ಕಟ್ಟಿದವರಲ್ಲಿ ಇಲ್ಲಿಂದ ಹೋದ ಸಾವಿರಾರು ಭಾರತೀಯ ಕೂಲಿಗಳಿದ್ದರು. ಅಲ್ಲಿಗೆ 1955–56ರಲ್ಲಿ 34 ಗ್ಯಾರಟ್ ಬಂದವು, ಒಂದೊಂದು 252 ಟನ್, ಹೆಸರುಗಳೆಲ್ಲ ಬೆಟ್ಟಗಳದ್ದು. ಒಂದೇ ದಾರಿ, ಬಂದರಿನ ಭಾರಿ ಸರಕು, ಎಲ್ಲವೂ ಏರಬೇಕು. ಅಲ್ಲಿ ಲೆಕ್ಕ ಹೊಂದಿತು. ಆದರೆ ಅದಕ್ಕಾಗಿ ಹಳಿಯನ್ನೂ ಗಟ್ಟಿ ಮಾಡಬೇಕಾಯ್ತು. ಹಗುರ ಹಳಿಗಾಗಿ ಹುಟ್ಟಿದ ಎಂಜಿನ್ ಕೊನೆಗೆ ಭಾರದ ಹಳಿಯನ್ನೇ ಕೇಳಿತು.

ಸಕಲೇಶಪುರದಲ್ಲಿ ಏನಾಯ್ತು?

ಈಗ ನಮ್ಮ ಘಾಟಿಗೆ ಬರೋಣ. 1960ರ ದಶಕದಲ್ಲಿ ಕೆಲಸ ಶುರುವಾದಾಗ ನವ ಮಂಗಳೂರು ಬಂದರಿನ ಯೋಜನೆಯೂ ಜೊತೆಗಿತ್ತು. ಭಾರ ಹೊರುವ ದಾರಿ ಬೇಕಿತ್ತು. ಲಾಶಿಯೋದ ಹಾಗೆ 1:25 ಇಟ್ಟಿದ್ರೆ ದಾರಿ ಚಿಕ್ಕದಾಗ್ತಿತ್ತು, ಸುರಂಗಗಳೂ ಕಮ್ಮಿ ಆಗ್ತಿದ್ದವೇನೋ. ಆದರೆ ಮೊದಲಿನ ಲೆಕ್ಕ ನೆನಪಿಸಿಕೊಳ್ಳಿ. 1:25ರಲ್ಲಿ ಟನ್ನಿಗೆ 45 ಕೆ.ಜಿ. ಎಳೆತ ಬೇಕು, 400 ಟನ್ ಎಳೆಯುವ ಎಂಜಿನ್ 220 ಟನ್ನಿಗೆ ಇಳಿಯುತ್ತೆ. ಪ್ರತಿ ದಿನ, ಪ್ರತಿ ಗಾಡಿಗೆ, ಶಾಶ್ವತವಾಗಿ. ಇಲ್ಲಿ ಆರಿಸಿಕೊಂಡದ್ದು 1:50 ಮತ್ತು 57 ಸುರಂಗ. ಬಿಲ್ಲನ್ನ ಬಂಡವಾಳದ ಖಾತೆಗೆ ಹಾಕಿದ್ರು.

ಈ ಘಾಟಿಯಲ್ಲಿ ಮೀಟರ್ ಗೇಜ್ ದಿನಗಳ ಕೆಲಸ ಮಾಡಿದ್ದು ವೈಡಿಎಂ-4 ಡೀಸೆಲ್ ಎಂಜಿನ್. 72 ಟನ್ ಭಾರ, ಆರು ಅಚ್ಚು, ಅಚ್ಚಿಗೆ 12 ಟನ್. ಈಗ ಅದರ ಕೆಳಗೆ ಬಗ್ಗಿ ನೋಡಿ. ಎರಡು ಬೋಗಿ, ಒಂದೊಂದೂ ತನ್ನಷ್ಟಕ್ಕೆ ತಿರುಗುತ್ತೆ. ಎಲ್ಲ ಆರು ಅಚ್ಚೂ ಎಳೆಯುತ್ತೆ, ಪೂರ್ತಿ ಭಾರ ಹಿಡಿತಕ್ಕೆ ಬರುತ್ತೆ. ಇದು ಯಾರ ಯೋಚನೆ? 1864ರಲ್ಲಿ ಫೇರ್ಲಿ ಹೇಳಿದ್ದು ಇದನ್ನೇ ಅಲ್ವಾ? ಅವನನ್ನ ಕಾಡಿದ್ದು ಹೊರಳುವ ಉಗಿ ಕೊಳವೆ. ಡೀಸೆಲ್‌ನಲ್ಲಿ ಆ ಜಾಗಕ್ಕೆ ಬಂದದ್ದು ವಿದ್ಯುತ್ ತಂತಿ. ತಂತಿ ಬಗ್ಗುತ್ತೆ, ಸೋರಲ್ಲ.

ಇನ್ನೊಂದು ಅನುಕೂಲ ಉಗಿಗೆ ಎಂದೂ ಸಿಗದಿದ್ದದ್ದು. ಎರಡು ಮೂರು ಡೀಸೆಲ್ ಎಂಜಿನ್ ಜೋಡಿಸಿ, ತಂತಿ ಸಿಕ್ಕಿಸಿ, ಒಂದೇ ಕ್ಯಾಬಿನ್‌ನಿಂದ ನಡೆಸಬಹುದು. ಎಂಜಿನ್ ಮೂರು, ತಂಡ ಒಂದೇ. ಕೀಲು ಎಂಜಿನ್ ಹುಟ್ಟಿದ್ದೇ ಈ ಲಾಭಕ್ಕಾಗಿ. ಆ ಲಾಭ ಸಾಮಾನ್ಯ ಎಂಜಿನ್‌ನಲ್ಲೇ ಸಿಕ್ಕ ಮೇಲೆ ಗ್ಯಾರಟ್ ಯಾರಿಗೆ ಬೇಕು? ಬೇಯರ್ ಪೀಕಾಕ್ ಕಾರ್ಖಾನೆಯೂ 1960ರ ದಶಕದಲ್ಲಿ ಬಾಗಿಲು ಹಾಕಿತು, ನಮ್ಮ ಘಾಟಿಯ ಕೆಲಸ ಶುರುವಾದ ಅದೇ ದಶಕದಲ್ಲಿ.

ಕೊನೆಯಾಗದ ಬಿಲ್

ಹಾಗಾದ್ರೆ ಬಂಡವಾಳ ಹಾಕಿದ ಮೇಲೆ ಬೆಟ್ಟದ ಬಾಕಿ ತೀರಿತಾ? ಇಲ್ಲ. 1990ರ ದಶಕದಲ್ಲಿ ಬ್ರಾಡ್ ಗೇಜ್‌ಗೆ ಬದಲಾಯಿಸೋಕೆ ದಾರಿ ಮುಚ್ಚಿದ್ರು. ಕೆಲಸ ಮುಗಿಸೋಕೆ 2003ರಲ್ಲಿ ಹಾಸನ–ಮಂಗಳೂರು ರೈಲು ಅಭಿವೃದ್ಧಿ ಕಂಪನಿ ಅಂತ ಪ್ರತ್ಯೇಕ ಕಂಪನಿಯನ್ನೇ ಮಾಡಬೇಕಾಯ್ತು. ಗೂಡ್ಸ್ ಓಡಿದ್ದು 2006ರಲ್ಲಿ, ಪ್ರಯಾಣಿಕರ ಗಾಡಿ 2007ರ ಡಿಸೆಂಬರಿನಲ್ಲಿ. ಹತ್ತು ವರ್ಷಕ್ಕೂ ಹೆಚ್ಚು ಕಾಲ ಜನ ಶಿರಾಡಿ ಘಾಟಿಯಲ್ಲಿ ಬಸ್ಸು ಹಿಡಿದ್ರು. 2024ರ ಜುಲೈನಲ್ಲಿ ಎಡಕುಮೇರಿ–ಕಡಗರವಳ್ಳಿ ನಡುವೆ ಗುಡ್ಡ ಕುಸಿದು ವಾರಕ್ಕೂ ಹೆಚ್ಚು ರೈಲು ನಿಂತಿತು. ಸುರಿಯುವ ಮಳೆಯಲ್ಲಿ ಮಣ್ಣುಮೂಟೆ ಹೊತ್ತು ದಾರಿ ಸರಿಮಾಡಿದ ಕೆಲಸಗಾರರನ್ನ ನೆನೆಸಿಕೊಳ್ಳಿ. ಮಳೆಗಾಲದಲ್ಲಿ ರಾತ್ರಿ ಹಗಲು ಹಳಿ ಕಾಯುವವರು ಇವತ್ತಿಗೂ ಇದ್ದಾರೆ. ಬಿಲ್ಲಿನ ಒಂದು ಪಾಲು ಈಗಲೂ ಅವರ ಬೆನ್ನ ಮೇಲೇ ಬರುತ್ತೆ.

ಕೀಲು ಎಂಜಿನ್‌ಗಳ ಚರಿತ್ರೆಯಿಂದ ನನಗೆ ಅರ್ಥ ಆಗಿದ್ದು ಇಷ್ಟು. ಬೆಟ್ಟ ತನ್ನ ಬಾಕಿಯನ್ನ ಯಾವತ್ತೂ ಮನ್ನಾ ಮಾಡಲ್ಲ, ಬದಲಾಗೋದು ಖಾತೆ ಮಾತ್ರ. ಫೇರ್ಲಿ ಅದನ್ನ ಎಂಜಿನ್ ಖಾತೆಗೆ ಬರೆದ. ಬ್ರಗಾಂಜಾದಲ್ಲಿ ಫೈರ್‌ಮನ್ ಖಾತೆಗೆ ಬಿತ್ತು. ಸಕಲೇಶಪುರದಲ್ಲಿ ಸುರಂಗಕ್ಕೆ ಒಂದಷ್ಟು, ಗುಡ್ಡದ ಮಣ್ಣಿಗೆ ಒಂದಷ್ಟು, ಗ್ಯಾಂಗ್‌ಮನ್‌ಗೆ ಒಂದಷ್ಟು ಅಂತ ಹಂಚಿಹೋಯ್ತು.

ಬೆಟ್ಟವೇ ಇಲ್ಲದ ಕಡೆಯೂ ಇದೇ ಪ್ರಶ್ನೆ ಇದೆ. ಚನ್ನರಾಯಪಟ್ಟಣದ ಮೇಲೆ ಬೆಂಗಳೂರಿಗೆ ನೇರ ರೈಲು ದಾರಿ ಪೂರ್ತಿಯಾಗಿದ್ದು 2017ರಲ್ಲಿ. ಅರಕಲಗೂಡಿಗೆ ಹಳಿ ಇನ್ನೂ ಬಂದಿಲ್ಲ. ಘಾಟಿಯಲ್ಲಿ ಜೋಡಿ ಹಳಿ ಬೇಕು, ವೇಗ ಬೇಕು, ಹೊಸ ದಾರಿ ಬೇಕು ಅನ್ನೋ ಮಾತು ಕೇಳಿಬಂದಾಗ ಎಷ್ಟು ಕೋಟಿ ಅಂತ ಮಾತ್ರ ಕೇಳಿ ಸುಮ್ಮನಾಗಬೇಡಿ. ಉಳಿಸಿದ್ದು ಯಾರ ಖಾತೆಯಲ್ಲಿ ಖರ್ಚಾಗುತ್ತೆ ಅಂತಲೂ ಕೇಳಿ.

ಈ ಸಂಚಿಕೆ ಇಲ್ಲಿಗೆ ಮುಗೀತು. ಮೀಟರ್ ಗೇಜ್ ಕಾಲದಲ್ಲಿ ಈ ದಾರಿಯಲ್ಲಿ ದುಡಿದವರು ನಿಮ್ಮ ಮನೆಯಲ್ಲಿ ಇದ್ರೆ, ಅವರ ಹತ್ತಿರ ಕೂತು ಕೇಳಿ, ಬರೆದಿಟ್ಟುಕೊಳ್ಳಿ.